ತಿರುವುಮುರುವಾದ ಅರವತ್ತೇಳು ಲಕ್ಷ

ನದಿಯ ದಡದಲ್ಲಿ ಪದ್ಮಣಾರ್ಯರೆಂಬ ಗಣಿತದ ಗುರುಗಳಿದ್ದರು. ಅವರ ಬಳಿ ಹನ್ನೆರಡು ವರ್ಷ ಕಲಿತ ಸಾಂತಣ್ಣನಿಗೆ ಊರಿಗೆ ಹೋಗಿ ತಾನೇ ಪಾಠಶಾಲೆ ತೆರೆಯುವ ಆತುರ.

"ಅಪ್ಪಣೆ ಕೊಡಿ, ಗುರುಗಳೇ."

"ಒಂದು ಲೆಕ್ಕ ಮುಗಿಸಿ ಹೊರಡು. ಋತು, ಮುನಿ, ಆಕಾಶ, ಆಕಾಶ, ವೇದ, ಚಂದ್ರ, ಮುನಿ. ಒಂದನ್ನೂ ಆ ಸಂಖ್ಯೆಯನ್ನೂ ಬಿಟ್ಟು, ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಒಂದನ್ನು ಹೇಳು."

ಋತುಗಳು ಆರು, ಮುನಿಗಳು ಏಳು, ಆಕಾಶ ಸೊನ್ನೆ, ವೇದ ನಾಲ್ಕು, ಚಂದ್ರ ಒಂದು. ಅಂಕಿಗಳನ್ನು ಹೀಗೆ ಹೆಸರಿನಲ್ಲಿ ಹೇಳುವುದು ಅಲ್ಲಿನ ರೂಢಿ. ಸಾಂತಣ್ಣ ಮರಳು ಹರಡಿದ ಹಲಗೆಯ ಮೇಲೆ ಕೇಳಿದ ಹಾಗೇ ಬರೆದುಕೊಂಡ: ೬೭೦೦೪೧೭.

ಎರಡರಿಂದ ಹೋಗಲಿಲ್ಲ. ಮೂರರಿಂದ ಹೋಗಲಿಲ್ಲ. ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಅದು ಜಗ್ಗಲಿಲ್ಲ. ಊಟಕ್ಕೆ ಕರೆದರೂ ಅವನು ಎದ್ದು ಬರುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಹಲಗೆ ಹೊತ್ತು ಬಂದ.

"ಯಾವುದೂ ಭಾಗಿಸುವುದಿಲ್ಲ, ಗುರುಗಳೇ. ಅದರ ವರ್ಗಮೂಲದವರೆಗಿನ ಮುನ್ನೂರ ಎಪ್ಪತ್ತಾರು ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿದೆ. ಇದು ಅವಿಭಾಜ್ಯ."

ಗುರುಗಳು ಹಲಗೆ ನೋಡಿದರು.

"ಹೊಸಬರಿಗೆ ಮೊದಲ ಪಾಠ ಹೇಳಿಕೊಡುವವರು ಯಾರು?"

"ನಾನೇ."

"ಏನು ಹೇಳಿಕೊಡುತ್ತೀಯ?"

"ಮೊದಲು ಕೇಳಿದ ಅಂಕಿ ಬಿಡಿಸ್ಥಾನದ್ದು. ಅಲ್ಲಿಂದ ಎಡಕ್ಕೆ ಬರೆಯುತ್ತಾ..."

ಹಲಗೆಯ ಮೇಲೆ ತಾನು ಎಡದಿಂದ ಬಲಕ್ಕೆ ಬರೆದಿದ್ದು ಕಣ್ಣಿಗೆ ಬಿತ್ತು. ಸಾಂತಣ್ಣ ಅದರ ಕೆಳಗೆ ಸರಿಯಾಗಿ ಬರೆದ: ೭೧೪೦೦೭೬.

ಕೊನೆಯ ಅಂಕಿ ಆರು, ಸಮಸಂಖ್ಯೆ. ನಿನ್ನೆ ಸೇರಿದ ಶಿಷ್ಯನೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ಸಾಂತಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹಲಗೆಯ ಮರಳನ್ನೆಲ್ಲ ಅಂಗೈಯಿಂದ ಒರೆಸಿಬಿಟ್ಟ.

"ಎರಡು ಭಾಗಿಸುತ್ತದೆ, ಅದೇ ಉತ್ತರ. ಅಪ್ಪಣೆ ಕೊಡಿ."

"ಇನ್ನೂ ಮುಗಿದಿಲ್ಲ."

"ಉತ್ತರ ಸರಿಯಿದೆಯಲ್ಲ?"

"ಸರಿಯಿದೆ. ಮೊದಲು ಬರೆದಿದ್ದ ಆ ಸಂಖ್ಯೆಯನ್ನು ಯಾಕೆ ಅಳಿಸಿದೆ?"

"ಅದು ತಪ್ಪು ಸಂಖ್ಯೆ. ನೀವು ಕೇಳಿದ್ದಲ್ಲ. ಮೂರು ತಿಂಗಳು ಹಾಳಾಯಿತು."

"ಅಳಿಸಿದೆಯಲ್ಲ, ಈಗ ಅದನ್ನು ಎರಡು ಭಾಗಿಸುತ್ತದೆಯೇ?"

"ಇಲ್ಲ."

"ಹದಿಮೂರು?"

"ಇಲ್ಲ."

"ನಾನು ಕೇಳಲಿಲ್ಲವೆಂದು ಯಾವುದಾದರೂ ಭಾಗಿಸುತ್ತದೆಯೇ?"

 ಸಾಂತಣ್ಣ ಕುಳಿತು ಮರಳನ್ನು ಸಮ ಮಾಡಿದ. ಯಾರೂ ಹೇಳದೆಯೇ ಬರೆದ: ೬೭೦೦೪೧೭. ಮೂರು ತಿಂಗಳಲ್ಲಿ ಮೊದಲ ಬಾರಿ ಅದನ್ನು ಭಾಗಿಸಲು ಹೋಗದೆ ನೋಡುತ್ತಾ ಕುಳಿತ.

ಗುರುಗಳು ಅವನ ಗಂಟನ್ನು ತಾವೇ ತಂದು ಕೈಗೆ ಕೊಟ್ಟರು.

"ಹೊರಡು. ನಿನ್ನ ಶಿಷ್ಯರೂ ತಿರುಗಾಮುರುಗಾ ಬರೆದು ತರುತ್ತಾರೆ. ಅಳಿಸುವ ಮೊದಲು ಓದಿ ನೋಡು."