ಸೀಮಿಕಲ್ಲು ಕಾದ ಭರಮ

ಬರ್ರಿ, ಕಾಲು ಮಡಚಿ ಹತ್ತಿರ ಕೂಡ್ರಿ. ಗದ್ದಲ ಮಾಡಿದರ ಕತಿ ಎದ್ದು ಹೋಗ್ತದ, ನಾ ಕರೆಯಾಕ ಹೋಗೂದಿಲ್ಲ.

ಒಂದೂರಾಗ ಸಾತವ್ವ ಇದ್ದಳು. ಆಕಿ ಮಗ ಭರಮ. ಹೇಳಿದ್ದನ್ನ ಮಾಡ್ತಿದ್ದ, ಹೇಳಿದಷ್ಟೇ ಮಾಡ್ತಿದ್ದ! "ಯಾವ ದೇವರು ಕೊಟ್ಟನೋ ನಿನ್ನ!" ಅಂತ ಆಕಿ ಹಣಿ ಬಡ್ಕೋತಿದ್ದಳು. ಮಗಳು ನೀಲವ್ವ ಹೆರಿಗಿಗೆ ತವರಿಗೆ ಬಂದಿದ್ದಳು.

ಆಗ ಸುತ್ತೂರಿಗೆಲ್ಲ ಕೆಟ್ಟ ಜ್ವರ ಬಂತು. "ಅದು ಊರು ಹೊಕ್ಕರ ನನ್ನ ಬಸುರಿ ಮಗಳ ಗತಿ ಏನು?" ಅಂತ ಸಾತವ್ವಗ ನಿದ್ದಿ ಹಾರಿತು. ಗೌಡ ಊರ ಹೊರಗಿನ ಕೊಟ್ಟಿಗಿ ತೆರವು ಮಾಡಿಸಿದ. ಪರ ಊರವರು ಕೆಲವು ದಿನ ಅಲ್ಲೇ ಇರಬೇಕು, ಜ್ವರ ಬರದಿದ್ದರ ಊರೊಳಗ ಬಿಡೂದು. ಅವರ ರೊಟ್ಟಿಗೆ ನೆಲದಾಗಿನ ಊರ ಹಗೇವಿನ ಜೋಳ. ಕಾವಲಿಗೆ ಯಾರೂ ಒಪ್ಪಲಿಲ್ಲ, ಭರಮ ಒಪ್ಪಿದ.

"ದಾರಿ ಹಿಡಿದು ಬಂದವರನ್ನ ಕೊಟ್ಟಿಗಿಗೆ ಹಾಕು" ಅಂದ ಗೌಡ.

ಬಳೆಗಾರ ಹೊಲದಾಗ ಹಾಯ್ದು ಬಂದ. ಭರಮ ಕೈ ಮುಗಿದು ಒಳಗ ಬಿಟ್ಟ! ಪುಣ್ಯಾಕ ಮೊದಲನೇ ಮನಿಯಾಕಿನೇ ಕಸಬರಿಗಿ ಹಿಡಿದು ಓಡಿಸಿದಳು.

"ಅಲ್ಲೋ ಮಂಕೆ!" ಅಂದಳು ಸಾತವ್ವ. "ದಾರಿ ಆಗಲಿ, ಹೊಲ ಆಗಲಿ, ಸೀಮಿಕಲ್ಲು ದಾಟಿ ಬಂದವರನ್ನೆಲ್ಲ ಹಾಕು!"

"ಆತು ಯವ್ವಾ!"

ಸಂಜಿಗೆ ಊರ ಮಂದಿ ಸೀಮಿಕಲ್ಲಿನ ಆಚೆ ಹೊಲದಿಂದ ಮನಿಗೆ ಹೊಂಟಿದ್ದರು. ಕಳೆ ತೆಗೆದವರನ್ನ ಹಾಕಿದ! ಕುರುಬರನ್ನ ಹಾಕಿದ! ಸೂಲಗಿತ್ತಿ ಹನುಮವ್ವನ್ನ ಹಾಕಿದ! ಎತ್ತುಗಳನ್ನೂ ಹಾಕಿದ! ಅರ್ಧ ಊರು ಒಳಗ ಕೂತು ತಿಂತು, ಅರ್ಧ ಊರು ಹೊರಗ ರೊಟ್ಟಿ ಬಡೀತು. ಅಂಗೈಗೆ ಬೊಬ್ಬಿ, ಹಗೇವಿನ ತಳ ಕಂಡಿತು!

ಗೌಡ ಓಡಿ ಬಂದ. "ಜ್ವರ ಕೊಲ್ಲೂದಕ್ಕಿಂತ ಮೊದಲು ನಿನ್ನ ಕಾವಲೇ ನಮ್ಮನ್ನ ಉಪವಾಸ ಕೊಲ್ತದೋ! ನಮ್ಮವರನ್ನ ಬಿಡು. ಊರಿಗೆ ಹೊಸದಾಗಿ ಬಂದವರನ್ನ ಹಿಡಿ. ಅರಸ ಬಂದರೂ ಬಿಡಬ್ಯಾಡ. ನಾ ಹೊರಗ ನಿಂತು 'ತೆಗಿ' ಅನ್ನೋತನಕ ಬಾಗಿಲ ಅಗಳಿ ತೆಗೀಬ್ಯಾಡ!"

"ಆತ್ರೀ ಗೌಡ್ರ!"

ಮರುದಿನ ಕುದರಿ ಏರಿ ಬಂದವ ಯಾರು? ಗೌಡನ ಹೊಸ ಅಳಿಯ! ಪಟ್ಟಣದಿಂದ ಬಂದಿದ್ದ. ಭರಮ ಹಿಡಿದು ಹಾಕಿದ. ಗೌಡಗ ಮಾನ ಹೋದಂಗಾತು. ತಾನೇ ಹೋಳಿಗಿ ತಾಟು ಹಿಡಿದು ಅಳಿಯನ್ನ ಸಮಾಧಾನ ಮಾಡಾಕ ಒಳಗ ಹೋದ. ಹಿಂದಿನಿಂದ ಭರಮ ಅಗಳಿ ಜಡಿದ!

"ತೆಗಿಯೋ!"

"ಗೌಡ್ರು ಹೊರಗ ನಿಂತು ಹೇಳಬೇಕ್ರೀ."

"ನಾನೇ ಗೌಡ!"

"ಖರೇ. ಆದ್ರ ಒಳಗದೀರಿ!"

ಊರೆಲ್ಲ ಬೈತು. ಮೂಡಣ ಕೆಂಪೇರೂದ್ರಾಗ ಅಳಿಯಗ ಮೈ ಸುಡು ಜ್ವರ. ಆಮ್ಯಾಲೆ ಮಾವಗೂ ಬಂತು. ಬೈಯೋ ಬಾಯೆಲ್ಲ ಮುಚ್ಚಿದವು. ಸಾತವ್ವ ಗಂಜಿ ಬೇಯಿಸಿ ಕಿಟಕಿಯಾಗ ಇಟ್ಟು ದೂರ ನಿಂತಳು. ಇಬ್ಬರೂ ಬದುಕಿದರು. ಜ್ವರ ಊರು ಹೊಗಲಿಲ್ಲ!

ಗುಣ ಆದ ಗೌಡ ಒಳಗಿಂದ ಛಾವಣಿ ಹತ್ತಿ, ಹುಲ್ಲು ಕಿತ್ತು, ಹೊರಗ ಜಿಗಿದು ನಿಂತ. "ತೆಗಿ!"

"ಇದನ್ನ ಮೊದಲೇ ಮಾಡಬಾರದಾಗಿತ್ತೇನ್ರೀ?" ಅಂತ ಭರಮ ಅಗಳಿ ತೆಗೆದ.

ಅದೇ ದಿನ ನೀಲವ್ವ ಗಂಡು ಹಡೆದಳು. ಸಾತವ್ವ ಬಿಸಿನೀರು ಹೊತ್ತು ಬರ್ತಾಳ, ಬಾಣಂತಿ ಕೋಣಿ ಬಾಗಿಲಿಗೆ ಭರಮ ಬಡಿಗಿ ಹಿಡಿದು ನಿಂತಾನ!

"ಸರಿಯೋ!"

"ಒಳಗ ಒಬ್ಬವ ಹೊಸದಾಗಿ ಬಂದಾನ ಯವ್ವಾ! ಯಾವೂರು ಅಂತ ಕೇಳಿದೆ, ಬರೇ ಅಳ್ತಾನ. ಗೌಡ್ರು ಬಂದು 'ತೆಗಿ' ಅನ್ನಲಿ!"

ಸಾತವ್ವ ನಕ್ಕು ನಕ್ಕು ನೀರು ಚೆಲ್ಲಿದಳು. ಗೌಡನೇ ಬಂದು ಹೇಳಬೇಕಾತು.

ಕಡಿಗೆ ಏನಾತು ಅಂತೀರಿ? ಅಳಿಯ ಆ ಮ್ಯಾಲೆ ಸೀಮಿಕಲ್ಲಿಗೆ ಬಂದು ಕೂಗಿ ಕೇಳದೆ ಒಳಗ ಬರಲಿಲ್ಲ. ಗೌಡ ಕೊಟ್ಟಿಗಿ ಛಾವಣಿ ಹೊಸದಾಗಿ ಹೊದಿಸಿದ. ಹನುಮವ್ವ ತಾನು ಕೊಟ್ಟಿಗ್ಯಾಗ ಸಿಕ್ಕಿಬಿದ್ದ ಕತಿ ಹೆರಿಗಿಗೊಮ್ಮೆ ಹೇಳಿದಳು. ಕೂಸು ಗುಂಡಗ ಬೆಳೀತು. ಸಾತವ್ವ ಹಣಿ ಬಡ್ಕೊಳ್ಳೂದು ಬಿಟ್ಟಳು. ಭರಮ? ಕಾವಲು ಸಾಕು ಅಂತ ಅವಗ ಯಾರೂ ಹೇಳಲಿಲ್ಲ. ಇನ್ನೂ ನಿಂತಾನ.