ಮೇಯರಮ್ಮ ದಾಟದ ಸೇತುವೆ

ಆಸ್ಟ್ರೇಲಿಯಾದ ಒಂದು ದೊಡ್ಡ ನಗರಕ್ಕೆ ಮೊರೀನ್ ಎಂಬಾಕೆ ಮೇಯರ್ ಆಗಿದ್ದಳು. ನಗರದ ನಡುವೆ ನದಿ. ನದಿಗೆ ಅಡ್ಡಲಾಗಿ ಹಳೆಯದೊಂದು ಮರದ ಕಾಲುಸೇತುವೆ. ಆಚೆ ದಡದಲ್ಲಿ ಶಾಲೆ, ಈಚೆ ದಡದಲ್ಲಿ ಮನೆ, ಅಂಗಡಿಗಳು. ಮಧ್ಯಾಹ್ನ ಮೂರಕ್ಕೆ ಶಾಲೆ ಬಿಟ್ಟರೆ ನೂರಾರು ಮಕ್ಕಳು ಅದರ ಮೇಲೆಯೇ ದಡದಡ ಓಡಿ ಬರುತ್ತಿದ್ದರು.

ಒಂದು ದಿನ ಬೆಳಿಗ್ಗೆ ಪಾಲಿಕೆಯ ಎಂಜಿನಿಯರ್ ಕ್ಲೈವ್ ಏದುಸಿರು ಬಿಡುತ್ತಾ ಬಂದ. "ಮೇಡಂ, ನೀರೊಳಗಿನ ಕಂಬಗಳನ್ನು ಹುಳು ತಿಂದು ಹಾಕಿದೆ. ಸೇತುವೆ ಇನ್ನೊಂದು ವರ್ಷ ನಿಂತರೂ ನಿಂತೀತು, ಇವತ್ತೇ ಬಿದ್ದರೂ ಬಿದ್ದೀತು. ಮುಚ್ಚಿಸಿಬಿಡಿ" ಎಂದ.

ಎರಡು ಗಂಟೆಗೆ ತುರ್ತು ಸಭೆ ಸೇರಿತು. ಮುಚ್ಚೋಣ ಎಂದು ಏಳು ಸದಸ್ಯರು ಕೈ ಎತ್ತಿದರು. ಬೇಡ ಎಂದೂ ಏಳೇ ಕೈ ಎದ್ದವು. ಸಮಸಮ ಬಂದಾಗ ಕೊನೆಯ ಮತ ಮೇಯರ್ ಅವರದು. ಎಲ್ಲರೂ ಅವಳತ್ತ ತಿರುಗಿದರು.

ಮೊರೀನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮುಚ್ಚಿದರೆ ಅಂಗಡಿಯವರು ರೊಚ್ಚಿಗೇಳುತ್ತಾರೆ. ಮಕ್ಕಳು ಮುಕ್ಕಾಲು ಗಂಟೆ ಸುತ್ತಿ ಬರಬೇಕು, ತಾಯಂದಿರು ಹಿಡಿಶಾಪ ಹಾಕುತ್ತಾರೆ. ಚುನಾವಣೆಗೆ ಇನ್ನು ಆರೇ ವಾರ! ಅಡಗಿಕೊಳ್ಳಲು ಒಂದು ಜಾಗವೇನೋ ಇತ್ತು. ಮತ ಸಮ ಬಂದರೆ ಮೇಯರ್ ಆದವರು "ಇದ್ದದ್ದು ಇದ್ದ ಹಾಗೇ ಇರಲಿ" ಎನ್ನುವುದು ಆ ಸಭೆಯ ಹಳೆಯ ವಾಡಿಕೆ. ಅಷ್ಟಂದರೆ ಸಾಕು, ನಾಳೆ ಏನೇ ಆದರೂ ಯಾರೂ ಅವಳತ್ತ ಬೆರಳು ತೋರಿಸುವಂತಿರಲಿಲ್ಲ.

ಆದರೂ ಹಾಗೆಂದುಬಿಡಲು ಅವಳಿಗೆ ಮನಸ್ಸು ಬರಲಿಲ್ಲ. "ಅರ್ಧ ಗಂಟೆ ಕೊಡಿ" ಎಂದು ಕ್ಲೈವನನ್ನು ಕರೆದುಕೊಂಡು ನದಿಯ ಕಡೆ ನಡೆದಳು. ತಾನೇ ಒಮ್ಮೆ ದಾಟಿ ಬಂದುಬಿಟ್ಟರೆ ಆಮೇಲೆ ನಿಶ್ಚಿಂತೆಯಿಂದ ವಾಡಿಕೆ ಪಾಲಿಸಬಹುದು ಎಂದುಕೊಂಡಿದ್ದಳು. ನೋಡಿ, ನಮಗೆ ಬೇಕಾದ ಉತ್ತರವನ್ನು ಹುಡುಕಿಕೊಂಡು ನಾವು ಎಷ್ಟು ದೂರ ಬೇಕಾದರೂ ನಡೆಯುತ್ತೇವೆ.

ಸೇತುವೆಯ ಮೇಲೆ ಯಾರೂ ಇರಲಿಲ್ಲ. ಮೊರೀನ್ ಒಂದು ಹೆಜ್ಜೆ ಇಟ್ಟಳು. ಹಲಗೆ ಕಿರ್ರೆಂದಿತು. ಸಂದಿಯಲ್ಲಿ ಕೆಳಗೆ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಎಲ್ಲೋ ಆಳದಲ್ಲಿ ಏನೋ ಅಲುಗಿ, ನಡುಕ ಅವಳ ಅಂಗಾಲಿಗೆ ಬಂತು. ಎರಡನೆಯ ಹೆಜ್ಜೆಗೆ ಕಾಲು ಮೇಲೇಳಲೇ ಇಲ್ಲ.

"ಹಿಂದಕ್ಕೆ ಬನ್ನಿ ಮೇಡಂ" ಎಂದು ಕ್ಲೈವ್ ಅವಳ ತೋಳು ಹಿಡಿದೆಳೆದ. "ನಾಚಿಕೊಳ್ಳಬೇಡಿ. ಬೆಳಿಗ್ಗೆ ಕಂಬಗಳನ್ನು ನಾನು ದೋಣಿಯಲ್ಲಿ ಹೋಗಿಯೇ ನೋಡಿದ್ದು. ಮೇಲೆ ಹತ್ತುವ ಧೈರ್ಯ ನನಗೂ ಆಗಲಿಲ್ಲ."

ಆಚೆ ದಡದ ಶಾಲೆಯಿಂದ ಮಕ್ಕಳು ಒಟ್ಟಿಗೆ ಏನನ್ನೋ ಓದುವ ದನಿ ಕೇಳಿಸುತ್ತಿತ್ತು. ಮೊರೀನ್ ಗಡಿಯಾರ ನೋಡಿದಳು. ಎರಡು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತೂ ಕುರ್ಚಿಗಾಗಿ ಹೆದರಿದ್ದವಳಿಗೆ ಈಗ ಬೇರೆಯೇ ಭಯ ಹಿಡಿಯಿತು. ಚಪ್ಪಲಿ ಕೈಯಲ್ಲಿ ಹಿಡಿದು ಸಭೆಗೆ ಓಡಿದಳು. ಬಾಗಿಲಲ್ಲೇ ನಿಂತು, "ನನ್ನ ಮತ ಮುಚ್ಚುವುದಕ್ಕೆ!" ಎಂದು ಕೂಗಿದಳು.

ಶಾಲೆ ಬಿಡುವ ಗಂಟೆ ಹೊಡೆಯುವ ಹೊತ್ತಿಗೆ ಸೇತುವೆಯ ಎರಡೂ ತುದಿಗೆ ಬೇಲಿ ಬಿದ್ದಿತ್ತು.

ಸೇತುವೆ ಅಂದು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ನಾಲ್ಕನೆಯ ದಿನ ಮೀನಂಗಡಿಯ ಸ್ಟಾವ್ರೋಸ್ ಬೀದಿಯಲ್ಲೇ ಅವಳನ್ನು ತಡೆದ. "ಏನಮ್ಮ ಮೇಯರೇ, ಕಣ್ಣು ಬಿಟ್ಟು ನೋಡಿ, ಗಟ್ಟಿಯಾಗಿ ನಿಂತಿದೆ! ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೆದಿರಿ?"

"ನಿಂತಿದೆ, ನಿಜ" ಎಂದಳು ಮೊರೀನ್. "ಈಗಲೇ ಬೇಲಿ ತೆಗೆಸುತ್ತೇನೆ. ಮೊದಲು ನಿಮ್ಮ ಮಗಳನ್ನು ದಾಟಿಸುತ್ತೀರಾ?"

ಸ್ಟಾವ್ರೋಸ್ ತಿರುಗಿ ಸೇತುವೆಯತ್ತ ನೋಡಿದ. ಅಂಗಡಿಗೆ ಬೀಗ ಜಡಿದು, ಶಾಲೆಯಿಂದ ಮಗಳನ್ನು ಕರೆತರಲು ಸುತ್ತು ದಾರಿ ಹಿಡಿದ.

ನೀತಿ: ಅಧಿಕಾರದಲ್ಲಿದ್ದವರಿಗೆ ಭಯವಾಗುವುದು ತಪ್ಪಲ್ಲ, ಆದರೆ ಆ ಭಯ ತಮ್ಮ ಕುರ್ಚಿಗಾಗಿ ಇರಬಾರದು. ತಾವು ಕಾಲಿಡಲು ಹೆದರುವ ಜಾಗಕ್ಕೆ ಬೇರೆಯವರ ಮಕ್ಕಳನ್ನು ಕಳಿಸುವ ಹಕ್ಕು ಯಾರಿಗೂ ಇಲ್ಲ.