ಯಮನೂರ ಕುದುರೆ ಕ್ಯಾಂಪು ಕಾದದ್ದು

ಬಾಯಲ್ಲಿರೋ ಎಲೆಯಡಿಕೆ ಉಗುಳಿ ಬಂದು ಕೂತ್ಕೊಳ್ಳಿ. ನಡುವೆ ನಕ್ಕರೆ ಮುಂದೆ ಕೂತವನ ಅಂಗಿ ಕೆಂಪಾಗುತ್ತೆ.

ತುಂಗಭದ್ರೆ ದಂಡೆಯ ಒಂದೂರಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳು. ಗಂಡ ಸಾಯುವಾಗ ಬಿಟ್ಟುಹೋದದ್ದು ಒಂದು ಬಿಳಿ ಕುದುರೆ, ಒಬ್ಬ ಮಗ. ಕುದುರೆಗೆ ಬುದ್ಧಿ ಇತ್ತು. ಮಗ ಯಮನೂರನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ಕುದುರೆ ಮದುವೆ ಮೆರವಣಿಗೆಗೆ ಹೋಗುತ್ತಿತ್ತು, ಅದರಿಂದ ಮನೆಯ ಒಲೆ ಉರಿಯುತ್ತಿತ್ತು. ಮೇವಿಗೆ ಚಿಂತೆ ಇರಲಿಲ್ಲ, ಊರ ಮುಂದಿನಿಂದ ಹೊಳೆವರೆಗೂ ಹುಲ್ಲುಗಾವಲು. ಒಂದು ವರ್ಷ ಸರ್ಕಾರದವರು ಬಂದು ಗಾವಲಿಗೆ ತಂತಿಬೇಲಿ ಹಾಕಿ, ಪಾರ್ಕು ಅಂತ ಬೋರ್ಡು ನೆಟ್ಟರು. ಪಟ್ಟಣದವರು ತಮ್ಮ ಕುದುರೆ ತಂದು ಸವಾರಿ ಮಾಡಬಹುದು, ಹೊಳೆ ದಂಡೆಯ ಕುದುರೆ ಕ್ಯಾಂಪಿನಲ್ಲಿ ಡೇರೆ ಹಾಕಿಕೊಂಡು ಇರಬಹುದು. ಆದರೆ ಅವರ ಕುದುರೆ ಇಲ್ಲಿನ ಹುಲ್ಲಿಗೆ ಬಾಯಿ ಹಾಕಬಾರದು, ಮೇವು ಪಟ್ಟಣದಿಂದಲೇ ಮೂಟೆ ಕಟ್ಟಿ ತರಬೇಕು. ಊರಿನ ಕುದುರೆಯಂತೂ ಬೇಲಿ ಹತ್ತಿರವೂ ಸುಳಿಯಬಾರದು. ಹುಲ್ಲಿನ ನಾಡಿಗೆ ಹುಲ್ಲು ಹೊತ್ತು ತರುವವರಿಗೆ ಜಾಣರು ಅಂತ ಹೆಸರು, ನಮ್ಮ ಯಮನೂರನಿಗೆ ಪೆದ್ದ ಅಂತ. ಇರಲಿ ಬಿಡಿ.

ಬೇಸಿಗೆ ಬರುವ ಹೊತ್ತಿಗೆ ಬಿಳಿ ಕುದುರೆಯ ಪಕ್ಕೆಲುಬು ದೂರದಿಂದಲೇ ಕಾಣತೊಡಗಿದವು. ಬಡಕಲು ಕುದುರೆ ಏರೋದಕ್ಕೆ ಯಾವ ಮದುಮಗ ಒಪ್ಪುತ್ತಾನೆ? ಹುಲಿಗೆವ್ವ ಹೋಗಿ ಕ್ಯಾಂಪಿನ ಮ್ಯಾನೇಜರು ಹಾದಿಮನಿಯ ಕಾಲು ಹಿಡಿದಳು. ಹಾದಿಮನಿಗೆ ಬಿಟ್ಟಿ ಆಳು ಬೇಕಿತ್ತು. ನಿನ್ನ ಮಗ ಬಂದು ಕೆಲಸ ಮಾಡಲಿ, ದೊಡ್ಡ ಸಾಹೇಬರು ಬಂದು ನೋಡಿ ಮೆಚ್ಚಿದರೆ ನಿನ್ನ ಕುದುರೆಗೆ ಒಳಗೆ ಮೇಯಲು ಬಿಡುತ್ತೇನೆ, ಇಲ್ಲದಿದ್ದರೆ ಸಂತೆಗೆ ಹೊಡೆದುಕೊಂಡು ಹೋಗು ಅಂದ.

ಅವ್ವ ಮಗನಿಗೆ ರೊಟ್ಟಿ ಕಟ್ಟಿ ಹೇಳಿದಳು: "ಕುದುರಿ ಬಂದಕೂಡ್ಲೇ ಯಾವುದರ ಒಂದು ಗಿಡಕ್ಕ ಕಟ್ಟಪಾ. ಬಿಟ್ಟೀ ಅಂದ್ರ ಹೊಳಿ ದಾಟಿ ಹೊಕ್ಕಾವು."

ಯಮನೂರ ಹೋದ. ಪಟ್ಟಣದವರ ಒಂದು ಕುದುರೆ ಬಂತು. ಬಾಗಿಲಲ್ಲೇ ಮಂತ್ರಿಗಳು ನೆಟ್ಟ ಸಸಿ ಇತ್ತು, ಮೊಣಕಾಲುದ್ದ. ಅದರ ಮುಂದಿನ ಹೆಸರಿನ ಕಲ್ಲು ಅದಕ್ಕಿಂತ ಎತ್ತರ. ಕಟ್ಟಿದ. ಕುದುರೆ ಸಸಿಯನ್ನು ಬೇರು ಸಮೇತ ಕಿತ್ತು, ಅರ್ಧ ತಿಂದು, ಉಳಿದರ್ಧ ಎಳೆದುಕೊಂಡು ಹೋಯಿತು. ಹಾದಿಮನಿ ಬಾಯಿಗೆ ಬಂದಂತೆ ಬೈದ. ಇಲ್ಲಿ ಗಿಡಕ್ಕೆ ಏನೂ ಕಟ್ಟಬಾರದು, ಎರಡು ಕಂಬದ ನಡುವೆ ಹಗ್ಗ ಎಳೆದಿದೆ ನೋಡು, ಅದಕ್ಕೆ ಕಟ್ಟಬೇಕು ಅಂದ. ಅವ್ವನೂ ಹಣೆ ಬಡಿದುಕೊಂಡು ಅದನ್ನೇ ಹೇಳಿದಳು: "ನಾಳೆ ಯಾರರ ಬರಲಿ, ಹಗ್ಗಕ್ಕ ಕಟ್ಟು. ಮಲಗಿ ಏಳಾಕ ಸಡಿಲ ಇರಲಿ."

ಮರುದಿನ ಮೊದಲು ಬಂದದ್ದು ಕುದುರೆಯಲ್ಲ, ರಿಟೈರಾದ ಒಬ್ಬ ಜಡ್ಜ್ ಸಾಹೇಬರು. ಹೊಳೆ ಗಾಳಿಗೆ ಕುರ್ಚಿಯಲ್ಲೇ ತೂಕಡಿಸಿದರು. ಯಾರೇ ಬರಲಿ ಅಂದಿದ್ದಳಲ್ಲ ಅವ್ವ? ಯಮನೂರ ಅವರ ಸೊಂಟಕ್ಕೆ ಕುಣಿಕೆ ಹಾಕಿ, ಮಲಗಿ ಏಳಲು ಸಡಿಲ ಬಿಟ್ಟು, ಹಗ್ಗಕ್ಕೆ ಕಟ್ಟಿದ. ಮುಂದೆ ಒಂದು ಹಿಡಿ ಹುರುಳಿಯನ್ನೂ ಇಟ್ಟ. ಎಷ್ಟೋ ಜನರಿಗೆ ಕೈಕೋಳ ಹಾಕಿಸಿದ ಜಡ್ಜರು ಎದ್ದು ನಾಲ್ಕು ಹೆಜ್ಜೆ ನಡೆದು, ಹಿಂದಕ್ಕೆ ಜಗ್ಗಿ ಕೂತರು.

ಅವತ್ತು ಹಾದಿಮನಿ ಯಮನೂರನ ಮೇಲೆ ಕೈಯೆತ್ತಿಯೇ ಬಿಟ್ಟ. ಕೆಲಸದಿಂದ ತೆಗೆದುಹಾಕುತ್ತಿದ್ದ, ಆದರೆ ಬಿಟ್ಟಿ ಆಳು ಬೇರೆ ಸಿಗಲಿಲ್ಲ. ಹುಲಿಗೆವ್ವ ಮಗನನ್ನು ಮೂಲೆಯಲ್ಲಿ ಕೂಡಿಸಿ ಬುದ್ಧಿ ಹೇಳಿದಳು. ದೂರದಿಂದ ಬಂದವರು ದಣಿದಿರುತ್ತಾರೆ, ಡೇರೆಯೊಳಗೆ ಕರೆದೊಯ್ಯಿ, ಹಾಸಿಗೆ ಮೇಲೆ ಮಲಗಿಸು, ಹೊದಿಕೆ ಹೊದಿಸು ಅಂದಳು.

ಮರುದಿನ ಪಟ್ಟಣದ ಮೇಡಮ್ಮೊಬ್ಬರ ಗಂಡುಕುದುರೆ ಲಾರಿಯಲ್ಲಿ ಮುಂಚೆಯೇ ಬಂತು. ದೂರದಿಂದ ಬಂದಿತ್ತು, ದಣಿದಿತ್ತು. ಯಮನೂರ ಒಳ್ಳೇ ಡೇರೆಯೊಳಗೆ ಕರೆದೊಯ್ದು, ಬೆಲ್ಲ ತೋರಿಸಿ ತೋರಿಸಿ ಹಾಸಿಗೆ ಮೇಲೆ ಮಲಗಿಸಿ, ಕಿವಿವರೆಗೂ ರಗ್ಗು ಹೊದಿಸಿದ. ಮೇಡಮ್ಮು ಬಂದು ರಗ್ಗು ಎತ್ತಿದರು. ಅವರು ಕಿರುಚಿದ್ದಕ್ಕೆ ಕುದುರೆ ಡೇರೆ ಸಮೇತ ಎದ್ದು ಓಡಿತು. ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದವರು ಗುಡಾರಕ್ಕೆ ಕಾಲು ಬಂತು ಅಂತ ಕೈಮುಗಿದರಂತೆ.

ಹುಲಿಗೆವ್ವ ಆ ದಿನ ಅತ್ತೇಬಿಟ್ಟಳು. ಸಂತೆಯ ದಲ್ಲಾಳಿ ಆಗಲೇ ಬಂದು ಕುದುರೆಯ ಹಲ್ಲು ನೋಡಿ ಹೋಗಿದ್ದ. ಮಾರಿದ ಮೇಲೆ ಅದನ್ನು ಏನು ಮಾಡುತ್ತಾರೋ ಅನ್ನೋದು ಅವಳಿಗೆ ಗೊತ್ತಿತ್ತು. ಮರುದಿನವೇ ದೊಡ್ಡ ಸಾಹೇಬರು ಬರುವುದು. ಹಾದಿಮನಿ ಯಮನೂರನ ಕಿವಿ ಹಿಡಿದು ಕೊನೆಯ ಸಲ ಹೇಳಿದ: "ಕ್ಯಾಂಪಿನ ನಿಯಮ ಒಂದೇ. ಬಂದವರು ಬಂದಿದ್ದರು ಅನ್ನೋ ಗುರುತೂ ಉಳೀಬಾರದು. ಲದ್ದಿ, ಹಗ್ಗ, ಗೂಟ, ಏನಿದ್ರೂ ಎತ್ತಿ ಹೊರಗಿನ ಲದ್ದಿ ಗುಂಡಿಗೆ ಹಾಕು. ಸಾಹೇಬ್ರು ಬಂದ್ರ ಬರೇ ಹುಲ್ಲು, ಬರೇ ಹೊಳಿ ಕಾಣಬೇಕು."

ಅವ್ವ ಮಗನ ಕೈಲಿ ಆ ಮಾತನ್ನು ಹೇಳಿಸಿ ಹೇಳಿಸಿ ಬಾಯಿಪಾಠ ಮಾಡಿಸಿದಳು. ಬರೇ ಹುಲ್ಲು, ಬರೇ ಹೊಳಿ.

ಯಮನೂರ ಕೋಳಿ ಕೂಗೋ ಹೊತ್ತಿಗೇ ಶುರುಮಾಡಿದ. ಲದ್ದಿ ಎತ್ತಿದ. ಹಗ್ಗ ಎತ್ತಿದ. ಗೂಟ ಕಿತ್ತ, ಡೇರೆ ಕಿತ್ತ. ಇನ್ನೂ ಗುರುತು ಇತ್ತು. ಬೋರ್ಡು ಕಿತ್ತ. ಮಂತ್ರಿಗಳ ಕಲ್ಲು ಉರುಳಿಸಿದ. ಬೇಲಿಗೆ ಕೈ ಹಾಕಿದ. ಗುತ್ತಿಗೆದಾರ ಪುಣ್ಯಾತ್ಮ, ಕಂಬಗಳನ್ನು ಗೇಣುದ್ದ ಮಾತ್ರ ಹುಗಿದಿದ್ದ, ಜಗ್ಗಿದರೆ ಮೂಲಂಗಿ ಬಂದ ಹಾಗೆ ಬಂದವು. ಎಲ್ಲ ಹೋಗಿ ಗುಂಡಿಗೆ ಬಿತ್ತು. ಬೇಲಿ ಹೋದದ್ದೇ ತಡ, ಊರ ಕುರಿ, ದನ, ಹುಲಿಗೆವ್ವನ ಬಿಳಿ ಕುದುರೆ ಒಳಗೆ ಬಂದವು. ಅವುಗಳನ್ನು ಕರೆಯೋರು ಬೇಕಾಗಿರಲಿಲ್ಲ. ಇತ್ತ ಹಾದಿಮನಿ ರೊಟ್ಟಿ ಎಣ್ಣೆಗಾಯಿ ಉಂಡು, ಬೇವಿನ ನೆರಳಲ್ಲಿ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ.

ಸುದ್ದಿ ಕೇಳಿ ಹುಲಿಗೆವ್ವ ಒನಕೆ ಹಿಡಿದು ಓಡಿ ಬಂದಳು. ಬಂದು ನೋಡಿದರೆ ಕುದುರೆ ಹೊಟ್ಟೆಮಟ್ಟದ ಹುಲ್ಲಲ್ಲಿ ನಿಂತು ತಲೆ ಎತ್ತದೆ ಮೇಯುತ್ತಿದೆ. ಒನಕೆ ಕೆಳಗಿಟ್ಟಳು. ಪೆದ್ದನನ್ನು ಹೆತ್ತದ್ದಕ್ಕೆ ಅವಳಿಗೆ ಖುಷಿಯಾದದ್ದು ಅದೇ ಮೊದಲು.

ದೊಡ್ಡ ಸಾಹೇಬರ ಜೀಪು ಬಂದು ನಿಂತಿತು. ಪಾರ್ಕು ಎಲ್ಲಿ ಅಂತ ಕೇಳಿದರು. ಯಮನೂರ ಗುಂಡಿ ತೋರಿಸಿದ. ಗುಂಡಿಯ ಅಂಚಿನಲ್ಲಿ ಮಂಚ, ಮಂಚದ ಮೇಲೆ ಇನ್ನೂ ಗೊರಕೆ. ಮಂಚಕ್ಕೆ ಬಿಳಿ ಕುದುರೆ ಕಟ್ಟಿ ಯಮನೂರ ಅಲ್ಲಿವರೆಗೆ ಎಳೆಸಿದ್ದ.

ಮ್ಯಾನೇಜರನ್ನು ಯಾಕೆ ಲದ್ದಿ ಗುಂಡಿಗೆ ತಂದೆ ಅಂತ ಸಾಹೇಬರು ಕೇಳಿದರು.

"ಅವರೂ ಬಂದವರ ಅಲ್ರೀ?" ಅಂದ ಯಮನೂರ.

ಆಮೇಲೆ ಸಾಹೇಬರನ್ನು ತಲೆಯಿಂದ ಬೂಟಿನವರೆಗೆ ನೋಡಿದ, ಹಿಂದೆ ನಿಂತ ಜೀಪನ್ನೂ ನೋಡಿದ. ಲದ್ದಿ ಬುಟ್ಟಿ ತಂದು ಅವರ ಮುಂದಿಟ್ಟು, ವಿನಯದಿಂದ ಕೈಮುಗಿದು ಹೇಳಿದ: "ನೀವು ಇದರಾಗ ಕುಂದ್ರಿರಿ ಸಾಹೇಬ್ರ. ಜೀಪಿಗೆ ಕುದುರಿ ಕಟ್ಟತೀನಿ."